ಪುರುಡಿನ ಬದಲಿ

“ನಾನು ಒಳಗೆ ಹೋಗಿಲ್ಲ ಮೇಡಂ. ಎಷ್ಟು ಸಲ ಹೇಳ್ಲಿ? ನಾನು ಡ್ರೈವರು. ಗಾಡಿ ಹತ್ರ ಪಂಪು ನೋಡ್ಕೊಂಡು ನಿಂತಿದ್ದೆ.”

ಇಷ್ಟು ಹೇಳುವಷ್ಟರಲ್ಲಿ ದೊಡ್ಡವೆಂಕಟಪ್ಪನವರಿಗೆ ಏದುಸಿರು ಬಂತು. ಮೂಗಿಗೆ ಸಿಕ್ಕಿಸಿದ ಸಣ್ಣ ಪೈಪನ್ನು ಸರಿಮಾಡಿಕೊಂಡು ದಿಂಬಿಗೆ ಒರಗಿದರು. ಮಂಚದ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಗುಂಯ್ ಎನ್ನುತ್ತಿತ್ತು. ಸುಗಟೂರಿನಲ್ಲಿ ಕರೆಂಟು ಹೋಗುವುದು ಯಾರಿಗೂ ಹೊಸ ಸುದ್ದಿಯಲ್ಲ. ಈ ಮನೆಯಲ್ಲಿ ಮಾತ್ರ ಬಲ್ಬು ಒಂದು ಸಲ ಮಿಣುಕಿದರೂ ಸಾಕು, ಹೆಂಡತಿ ಆಂಜಿನಮ್ಮ ಕೈಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದರು.

ಶೋಭಾರಾಣಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದಳು. ಪೊಲೀಸ್ ಇಲಾಖೆಯಲ್ಲಿ ಎ.ಎಸ್.ಐ. ಆಗಿ ನಿವೃತ್ತಿಯಾದ ಮೇಲೆ ಕೋಲಾರದ ವಕೀಲೆ ವಾಣಿಶ್ರೀಗೆ ಸಾಕ್ಷಿ ಹುಡುಕಿಕೊಡುವುದು ಅವಳ ಕೆಲಸ. ನಿವೃತ್ತಿ ಎಂದು ಹೆಸರಿಗೆ ಹೇಳುವುದಷ್ಟೇ, ಕಾಲಿಗೆ ಪುರುಸೊತ್ತೆಲ್ಲಿ? ಈ ಕೇಸಂತೂ ಅವಳನ್ನು ಹಿಂಡಿ ಹಿಪ್ಪೆ ಮಾಡಿತ್ತು.

ಕೇಸು ಇಷ್ಟೇ. ಅಗ್ನಿಶಾಮಕದಲ್ಲಿ ಜೀವ ತೇಯ್ದು ನಿವೃತ್ತರಾದ ದೊಡ್ಡವೆಂಕಟಪ್ಪನವರ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ. ಆ ಕಾಯಿಲೆ ಕೆಲಸದಿಂದಲೇ ಬಂದಿದ್ದು ಎಂದು ಗುರುವಾರದ ವಿಚಾರಣೆಯಲ್ಲಿ ಸಾಬೀತಾಗಬೇಕು. ಸಾಬೀತಾದರೆ ಪರಿಹಾರ, ಪರಿಹಾರ ಬಂದರೆ ಬೆಂಗಳೂರಿನಲ್ಲಿ ಚಿಕಿತ್ಸೆ. ಆಗದಿದ್ದರೆ ಈ ಮಂಚ, ಈ ಗುಂಯ್ ಶಬ್ದ, ಆಮೇಲೆ ಅದೂ ಇಲ್ಲ.

ಹದಿನಾಲ್ಕು ವರ್ಷದ ಹಿಂದೆ ಮಾಲೂರು ಕಡೆ ರೆಗ್ಜಿನ್ ಗೋದಾಮೊಂದು ಹೊತ್ತಿ ಉರಿದಿತ್ತು. ಅಂಥ ವಿಷದ ಹೊಗೆ ಕುಡಿದವರಿಗೇ ಈ ಕಾಯಿಲೆ ಬರುವುದು ಎಂದು ಡಾಕ್ಟರು ಹೇಳಿದ್ದರು. ಎದುರು ಕಡೆಯ ವಕೀಲ ಮುರಳಿಮೋಹನ್ ಅದಕ್ಕೆ ಸರಿಯಾದ ಏಟು ಕೊಟ್ಟಿದ್ದ. ಗೋದಾಮಿನ ಒಳಗೆ ಹೋದವರು ಇಬ್ಬರು. ಒಬ್ಬ ಉಮೇಶ್, ಅವನು ಆವತ್ತೇ ತೀರಿಕೊಂಡ. ಇನ್ನೊಬ್ಬ ಕೋದಂಡರಾಮಪ್ಪ, ಆ ಸಾಹಸಕ್ಕೆ ಪದಕ ಪಡೆದವರು, ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾರೆ. ಒಳಗಿದ್ದವನಿಗೆ ಏನೂ ಆಗದೆ ಹೊರಗೆ ನಿಂತ ಡ್ರೈವರಿಗೆ ಮಾತ್ರ ಹೊಗೆ ತಗುಲಿತೇ? ಈ ಪ್ರಶ್ನೆಗೆ ವಾಣಿಶ್ರೀ ಹತ್ತಿರ ಉತ್ತರವಿರಲಿಲ್ಲ. ಶೋಭಾರಾಣಿ ಹತ್ತಿರವೂ ಇರಲಿಲ್ಲ, ಈ ಬೆಳಿಗ್ಗೆಯವರೆಗೆ.

“ಆಯ್ತು ಬಿಡಿ, ಹೊರಗೇ ಇದ್ರಿ,” ಎಂದಳು ಶೋಭಾರಾಣಿ. “ಹೊರಗಿನಿಂದ ಏನು ಕಾಣ್ತು? ಅದನ್ನಾದ್ರೂ ಹೇಳಿ. ಬೆಂಕಿ ಯಾವ ಬಣ್ಣ, ಹೊಗೆ ಯಾವ ಕಡೆಗೆ ಹೋಯ್ತು?”

ದೊಡ್ಡವೆಂಕಟಪ್ಪ ಕಣ್ಣು ಮುಚ್ಚಿಕೊಂಡರು. “ಏನ್ ಕಾಣ್ತದೆ ಮೇಡಂ. ಏನೂ ಕಾಣಲ್ಲ. ಕಪ್ಪು. ಗೋಡೆ ಒಂದೇ ಗತಿ.” ಹೇಳುತ್ತ ಹೇಳುತ್ತ ಅವರ ಎಡಗೈ ಮೇಲೆದ್ದು, ಮುಂಗೈಯ ಹಿಂಭಾಗ ಮಂಚದ ಪಕ್ಕದ ಗೋಡೆಯನ್ನು ತಡವಿತು. “ಕಾಲು ಎತ್ತಿದ್ರೆ ಬೂಟು ಬರ್ತಿರ್ಲಿಲ್ಲ. ಬೆಲ್ಲದ ಪಾಕದ ಮೇಲೆ ನಡ್ದಂಗೆ.”

“ನೆಲ ಅಂಟುತ್ತಿತ್ತಾ?”

ಕಣ್ಣು ಫಕ್ಕನೆ ತೆರೆಯಿತು. ಕೈ ಹೊದಿಕೆಯ ಒಳಗೆ ಸೇರಿಕೊಂಡಿತು.

“ಯಾರೋ ಹೇಳಿದ್ದು ಕೇಳಿದ್ದೆ,” ಎಂದರು ದೊಡ್ಡವೆಂಕಟಪ್ಪ.

“ಯಾರು?”

“ನೆನಪಿಲ್ಲ. ನಂಗೆ ಆಯಾಸ ಆಗ್ತಿದೆ ಮೇಡಂ, ನೀವು ಹೊರಡಿ.”

ಶೋಭಾರಾಣಿ ಹೊರಟಳು. ಹೊಸಿಲು ದಾಟುವಾಗ ಆಂಜಿನಮ್ಮ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದೆಯೇ ಬಂದರು. ಶ್ರೀನಿವಾಸಪುರದ ಕಡೆಯ ಹೆಣ್ಣುಮಗಳು, ಸಂಕಟವಾದಾಗ ತೆಲುಗು ತಾನಾಗಿಯೇ ಬಾಯಿಗೆ ಬರುತ್ತಿತ್ತು.

“ಏಂ ಚೇಯಾಲಮ್ಮಾ, ನಾನೇನು ಮಾಡ್ಲಿ? ಈ ಮನುಷ್ಯ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಳ್ತಾ ಇದ್ದಾನೆ. ಆ ಬೆಂಕಿ ದಿನ ರಾತ್ರಿ ಮನೆಗೆ ಬಂದೋನು ಕಪ್ಪಗೆ ಉಗುಳ್ತಿದ್ದ ಶೋಭಮ್ಮ. ಒಂದು ವಾರ ಉಗುಳಿದ. ಪಂಪಿನ ಹತ್ರ ನಿಂತೋನಿಗೆ ಅಷ್ಟು ಮಸಿ ಎಲ್ಲಿಂದ ಬಂತು? ಕೇಳಿದ್ರೆ ಬಾಯಿ ಮುಚ್ಕೊಂಡು ಬಿದ್ಕೋ ಅಂತಾನೆ.”

“ಕೋದಂಡರಾಮಪ್ಪ ಯಾವತ್ತಾದ್ರೂ ನೋಡೋಕೆ ಬಂದಿದ್ರಾ?”

“ಇಲ್ಲ. ಒಂದೇ ತಟ್ಟೇಲಿ ಉಂಡೋರು ಅವ್ರಿಬ್ರೂ. ಆ ಬೆಂಕಿ ಆದ್ಮೇಲೆ ಒಂದು ದಿನಾನೂ ಈ ಹೊಸಿಲು ತುಳಿದಿಲ್ಲ.”

ಶೋಭಾರಾಣಿ ಬಸ್‌ಸ್ಟಾಪಿನ ಕಡೆ ಕಾಲೆಳೆದಳು. ಮನೆಗೆ ಹೋಗಿ ಮಂಡಿಗೆ ಬಿಸಿನೀರಿನ ಶಾಖ ಕೊಟ್ಟು ಮಲಗಬೇಕು ಎನ್ನಿಸುತ್ತಿತ್ತು. ಮಲಗಿದರೆ ಗುರುವಾರ ಬಂದುಬಿಡುತ್ತದೆ.

ಕೋಲಾರದಲ್ಲಿ ಇಳಿದು ಕೋದಂಡರಾಮಪ್ಪನವರ ಊರು ಟೇಕಲ್ಲಿನ ಬಸ್ಸು ಹತ್ತಿದಳು. ಕಿಟಕಿ ಪಕ್ಕ ಸೀಟು ಸಿಕ್ಕಿದ್ದೇ ಆವತ್ತಿನ ಭಾಗ್ಯ. ಟೊಮೆಟೊ ಕ್ರೇಟು ಹೇರಿದ ಗಾಡಿಗಳ ಹಿಂದೆ ಬಸ್ಸು ತೆವಳಿತು. ಯಾರೋ ಹೇಳಿದ್ದನ್ನು ಕೇಳಿದವನ ಕೈ ಗೋಡೆ ಹುಡುಕುತ್ತದೆಯೇ? ಕಿವಿಯಲ್ಲಿ ಕೇಳಿದ್ದು ಕಿವಿಯಲ್ಲಿರುತ್ತದೆ, ಕೈಗೆ ಇಳಿಯುವುದಿಲ್ಲ. ಹಾಗಂತ ಇಷ್ಟನ್ನು ಹೇಳಿದರೆ ಮುರಳಿಮೋಹನ್ ನಕ್ಕುಬಿಡುತ್ತಾನೆ. ಒಳಗೆ ಹೋದೆ ಎನ್ನುವವನ ಬಾಯಿಂದಲೇ ಬರಬೇಕು.

ಕೋದಂಡರಾಮಪ್ಪನವರ ಮನೆ ಬೆಟ್ಟದ ಮಗ್ಗುಲಿಗೆ ಇತ್ತು. ಅಂಗಳದಲ್ಲಿ ಎರಡು ಹಸು, ಒಣಹಾಕಿದ ರಾಗಿ. ಜಗಲಿಯ ಮೇಲೆ ಕೂತಿದ್ದ ಮನುಷ್ಯ ಎದ್ದು ನಿಂತ ರೀತಿಯಲ್ಲೇ ಇನ್ನೂ ಯೂನಿಫಾರ್ಮ್ ಕಾಣುತ್ತಿತ್ತು. ನಿಜಕ್ಕೂ ಗುಂಡುಕಲ್ಲೇ! ಅರವತ್ತಾಗಿದೆ ಎಂದರೆ ಯಾರೂ ನಂಬುವುದಿಲ್ಲ.

“ಬನ್ನಿ ಮೇಡಂ, ಕೂತ್ಕೊಳ್ಳಿ. ಗುರುವಾರದ ವಿಷ್ಯನಾ? ನನ್ನ ಹೇಳಿಕೆ ಆಗ್ಲೇ ಕೊಟ್ಟಿದ್ದೀನಲ್ಲ.”

“ಕೊಟ್ಟಿದ್ದೀರ. ನಂಗೆ ವಯಸ್ಸಾಯ್ತು ನೋಡಿ, ಕಣ್ಣಿಗೆ ಕಟ್ಟಿದಂಗೆ ಕೇಳದಿದ್ರೆ ತಲೆಗೆ ಹೋಗಲ್ಲ. ಇನ್ನೊಂದು ಸಲ ಹೇಳಿ. ಆ ಬೆಂಕಿ ಹೆಂಗಿತ್ತು?”

ಅವರು ಹೇಳಿದರು. ಚೆನ್ನಾಗಿ ಹೇಳಿದರು, ಪಾಪ. ಚಾವಣಿಯ ಶೀಟುಗಳು ಪಟಪಟನೆ ಸಿಡಿದು ಮೇಲೆ ಹಾರಿದ್ದು, ಹೊಗೆ ಮೊದಲು ಅರಿಸಿನ ಬಣ್ಣಕ್ಕಿದ್ದು ಆಮೇಲೆ ಕಪ್ಪಾಗಿದ್ದು, ಗೇಟಿನ ಪಕ್ಕದ ತೆಂಗಿನಮರದ ಗರಿಗೆ ಬೆಂಕಿ ಹತ್ತಿದ್ದು, ರಸ್ತೆ ತುಂಬ ಜನ ಮೊಬೈಲು ಎತ್ತಿ ಹಿಡಿದಿದ್ದು.

ಶೋಭಾರಾಣಿ ತಲೆಯಾಡಿಸುತ್ತ ಕೇಳಿದಳು. ಈ ಮನುಷ್ಯನ ನೆನಪಿನಲ್ಲಿ ಎಲ್ಲವೂ ಕಣ್ಣಿಗೆ ಕಂಡದ್ದೇ. ಗೋಡೆಯಿಲ್ಲ, ಕತ್ತಲಿಲ್ಲ.

“ಒಳಗೆ ಹೋದ್ರಲ್ಲ, ಆಗ ಕಾಲಡಿ ನೆಲ ಹೆಂಗಿತ್ತು?”

“ನೆಲನಾ?” ಕೋದಂಡರಾಮಪ್ಪ ಒಂದು ಗಳಿಗೆ ತಡೆದರು. “ಹೆಂಗಿರ್ತದೆ? ನಾವೇ ಬಿಟ್ಟ ನೀರು ನಿಂತಿತ್ತು. ಜಾರ್ತಿತ್ತು. ಹುಷಾರಾಗಿ ಕಾಲಿಡ್ಬೇಕಿತ್ತು.”

ಒಬ್ಬನಿಗೆ ಅಂಟುವ ನೆಲ ಇನ್ನೊಬ್ಬನಿಗೆ ಜಾರುತ್ತದೆಯೇ? ಶೋಭಾರಾಣಿ ಮಂಡಿ ನೀವಿಕೊಂಡಳು.

ಅಷ್ಟರಲ್ಲಿ ಒಳಗಿನಿಂದ ಭಾರತಮ್ಮ ಕಾಫಿ ತಂದರು. ಕೋದಂಡರಾಮಪ್ಪನವರ ಹೆಂಡತಿ. ತೆಳ್ಳನೆಯ ಮೈ, ಹಣೆಯಲ್ಲಿ ದೊಡ್ಡ ಕುಂಕುಮ, ಮಾತು ನೇರ.

“ಆ ಸುಗಟೂರಿನೋನ ಕಡೆಯಿಂದ ಬಂದ್ರಾ ನೀವು? ಮನೆಗೆ ಬಂದೋರಿಗೆ ಕಾಫಿ ಕೊಡ್ಬೇಕು, ಕೊಡ್ತೀನಿ. ಆದ್ರೆ ಅವನ ಹೆಸರು ಮಾತ್ರ ಇಲ್ಲಿ ಎತ್ತಬೇಡಿ.”

“ಭಾರತೀ, ಸುಮ್ನಿರು,” ಎಂದರು ಗಂಡ.

“ಯಾಕೆ ಸುಮ್ನಿರ್ಲಿ? ಸತ್ತೋನು ನನ್ನ ತಮ್ಮ.” ಆಕೆ ನಡುಮನೆಯ ಗೋಡೆ ತೋರಿಸಿದರು. ಅಲ್ಲಿ ಹಾರ ಹಾಕಿದ ಫೋಟೋ, ಎಳೆ ಮೀಸೆಯ ಹುಡುಗ, ತಲೆಯ ಮೇಲೆ ಅಗ್ನಿಶಾಮಕದ ಟೋಪಿ. “ಉಮೇಶ. ಮದುವೆಗೆ ಹೆಣ್ಣು ನೋಡಿಟ್ಟಿದ್ವಿ. ನೀರಿನ ಪೈಪು ಹಿಡ್ಕೊಂಡು ಮುಂದೆ ಹೋದೋನು ಅವನು. ನೀರು ಇರೋತನಕ ಬೆಂಕಿ ಹಿಂದಕ್ಕೆ ಸರೀತಿತ್ತಂತೆ. ಇದ್ದಕ್ಕಿದ್ದಂಗೆ ನೀರು ನಿಂತೋಯ್ತು. ಪಂಪಿನ ಹತ್ರ ನಿಂತ ಆ ವೆಂಕಟಪ್ಪನಿಗೆ ಏನಾಗಿತ್ತು? ನಿದ್ದೆ ಹೊಡೀತಿದ್ನಾ? ಬೆಂಕಿ ಬಂದು ನನ್ನ ಮಗನಂಥ ತಮ್ಮನ್ನ ಹೊದ್ಕೊಂಡುಬಿಡ್ತು. ಇವ್ರು ಜೀವದ ಹಂಗು ಬಿಟ್ಟು ಎಳ್ಕೊಂಡು ಬಂದ್ರು. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಮುಗಿದುಹೋಗಿತ್ತು. ಅವನಿಗೆ ಈಗ ಉಸಿರು ಕಟ್ತಾ ಇದ್ರೆ ನಾನೇನು ಮಾಡ್ಲಿ? ನನ್ನ ತಮ್ಮನಿಗೂ ಕಟ್ಟಿತ್ತು.”

ಶೋಭಾರಾಣಿ ಕಾಫಿ ಲೋಟವನ್ನು ಬಾಯಿಗೆ ತಂದವಳು ಹಾಗೆಯೇ ಕೆಳಗಿಟ್ಟಳು.

ದೊಡ್ಡವೆಂಕಟಪ್ಪ ಒಳಗಿದ್ದರೆ, ಪಂಪು ಯಾರ ಕೈಯಲ್ಲಿತ್ತು?

ಅಯ್ಯೋ ರಾಮಾ! ಬೆಳಿಗ್ಗೆಯಿಂದ, ಪದಕ ಹೋದೀತು ಎಂಬ ಹೆದರಿಕೆಗೆ ಈ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಿದ್ದಳು. ಪದಕವಂತೆ, ಮಣ್ಣಂತೆ. ಇವನು ಹೆದರುವುದು ಈ ಹೆಂಗಸಿಗೆ, ಆ ಗೋಡೆಯ ಮೇಲಿನ ಫೋಟೋಕ್ಕೆ. ಕೋದಂಡರಾಮಪ್ಪನವರ ಕಡೆ ನೋಡಿದಳು. ಅವರು ಅಂಗಳದ ರಾಗಿಯನ್ನು ನೋಡುತ್ತಿದ್ದರು.

ಈಕೆಯ ಮುಂದೆ ಹೇಗೆ ಕೇಳುವುದು? ಇಷ್ಟು ವರ್ಷದ ಕೆಲಸದಲ್ಲಿ ಸತ್ತವರ ಮನೆಗೆ ಸುದ್ದಿ ಮುಟ್ಟಿಸಿದ್ದಳು, ತಾಯಿಯ ಎದುರೇ ಕಳ್ಳನ ಕೈಗೆ ಬೇಡಿ ತೊಡಿಸಿದ್ದಳು. ಅದೆಲ್ಲ ಸುಲಭವಿತ್ತು ಅನ್ನಿಸಿತು.

“ನಿಮ್ಮ ಮಕ್ಕಳು?” ಎಂದು ಮಾತು ಬೇರೆ ಕಡೆ ತಿರುಗಿಸಿದಳು.

“ಒಬ್ಳೇ ಮಗಳು, ಮೇಘನ. ಮುಳಬಾಗಿಲಲ್ಲಿ ಹಾಸ್ಟೆಲಲ್ಲಿದ್ದು ಓದ್ತಾಳೆ. ಹರಕೆ ಹೊತ್ತು ಹೊತ್ತು ಸಾಕಾದ ಮೇಲೆ ಹುಟ್ಟಿದೋಳು. ಅವಳ ಮುಖ ನೋಡಿ ಏಳು ದಿನಕ್ಕೆ ನನ್ನ ತಮ್ಮ ಹೋದ.” ಭಾರತಮ್ಮ ಕಣ್ಣೊರೆಸಿಕೊಂಡು ಕ್ಯಾನು ಎತ್ತಿಕೊಂಡರು. “ಡೈರಿಗೆ ಹೊತ್ತಾಯ್ತು. ನೀವು ಮಾತಾಡಿ. ನಾನು ಹಾಲು ಹಾಕಿ ಬರ್ತೀನಿ.”

ಆಕೆ ಗೇಟು ದಾಟಿ ಮರೆಯಾದರು.

“ಪಂಪು ನಿಮ್ಮ ಕೈಲಿತ್ತು,” ಎಂದಳು ಶೋಭಾರಾಣಿ.

“ಏನು ಮಾತಾಡ್ತೀರ ಮೇಡಂ ನೀವು!”

“ಕೋದಂಡರಾಮಪ್ಪನವರೇ, ನಂಗೂ ಸಾಕಾಗಿದೆ. ನೀವು ಒಳಗೆ ಹೋಗಿಲ್ಲ. ಹೋಗಿದ್ರೆ ತೆಂಗಿನಮರ ನಿಮಗೆ ಕಾಣ್ತಾನೇ ಇರ್ಲಿಲ್ಲ. ಒಳಗೆ ನೆಲ ಜಾರ್ತಿರ್ಲಿಲ್ಲ, ಕರಗಿದ ರೆಗ್ಜಿನ್ ಕಾಲಿಗೆ ಹಿಡ್ಕೊಳ್ತಿತ್ತು. ಇದು ದೊಡ್ಡವೆಂಕಟಪ್ಪನಿಗೆ ಗೊತ್ತು, ನಿಮಗೆ ಗೊತ್ತಿಲ್ಲ. ಯಾಕೆ ಗೊತ್ತಿಲ್ಲ ಹೇಳಿ.”

“ಅದೆಲ್ಲ ಯಾವ ಕಾಲದ್ದೋ. ಮರ್ತೋಗಿದೆ.”

“ತೆಂಗಿನ ಗರಿ ಮರ್ತಿಲ್ಲ. ಕಾಲಡಿ ನೆಲ ಮರ್ತೋಯ್ತಾ?”

ಅವರು ಎದ್ದರು. ಅಂಗಳದ ತುದಿಯವರೆಗೆ ಹೋಗಿ, ಹಸುವಿನ ಬೆನ್ನು ತಟ್ಟಿ, ವಾಪಸು ಬಂದು ಕೂತರು. ಎದ್ದಾಗ ಇದ್ದ ಗುಂಡುಕಲ್ಲು ಕೂರುವಾಗ ಇರಲಿಲ್ಲ.

“ನಮ್ಮಲ್ಲಿ ಒಂದು ಪದ್ಧತಿ ಇತ್ತು ಮೇಡಂ,” ಎಂದರು ಕೊನೆಗೆ. “ಯಾವ ರೂಲ್ಸಿನಲ್ಲೂ ಇಲ್ಲ, ಸಾಹೇಬ್ರಿಗೂ ಗೊತ್ತಿರಲ್ಲ. ಯಾವನ ಮನೇಲಿ ಮಗು ಹುಟ್ಟಿ ಪುರುಡು ಇನ್ನೂ ಕಳೆದಿಲ್ವೋ ಅವನನ್ನ ಬೆಂಕಿ ಒಳಗೆ ಬಿಡ್ತಿರ್ಲಿಲ್ಲ. ಮಗು ಮುಖಾನೇ ಸರಿಯಾಗಿ ನೋಡಿರಲ್ಲ, ಹೋಗಿ ಏನಾದ್ರೂ ಆದ್ರೆ? ಅವನ ಜಾಗಕ್ಕೆ ಇನ್ನೊಬ್ಬ ಹೋಗೋನು, ಅವನ ಕೆಲಸ ಇವನು ನೋಡ್ಕೊಳ್ಳೋನು. ಪುರುಡಿನ ಬದಲಿ ಅಂತಿದ್ವಿ. ಅದನ್ನ ಆಚೆ ಹೇಳಬಾರ್ದು. ಹೇಳಿದ್ರೆ ಇಬ್ರಿಗೂ ಸಸ್ಪೆನ್ಷನ್ನು.”

“ಆವತ್ತು ನಿಮ್ಮ ಪುರುಡು.”

“ನಂದು. ನಾನು ಮುಖವಾಡ ಹಾಕ್ಕೊಂಡು ಹೊರಟಿದ್ದೆ. ವೆಂಕಟಪ್ಪ ಬಂದು ಅದನ್ನ ಕಿತ್ಕೊಂಡ. ‘ಲೇ, ಮಗೂಗೆ ಹೆಸರಿಟ್ಟಿಲ್ಲ ನೀನಿನ್ನೂ, ಪಂಪು ನೋಡ್ಕೋ ಹೋಗ್’ ಅಂದ. ನಾನೇನು ಕುಣೀತಾ ಹೋದೆ ಅಂದ್ಕೊಂಡ್ರಾ? ಬೇಡ ಅಂದೆ. ತಳ್ಳಿಬಿಟ್ಟ.”

ಅವರ ದನಿ ತಗ್ಗಿತು.

“ಗಾಡಿ ಟ್ಯಾಂಕಿನ ನೀರು ಎಷ್ಟು ಹೊತ್ತು ಬರ್ತದೆ? ಮುಗೀತು. ಅಲ್ಲೇ ನೀರಿನ ತೊಟ್ಟಿ ಇತ್ತು, ಅದರಿಂದ ಎಳೀಬೇಕು. ಎಳೆಯೋ ಪೈಪು ಎಲ್ಲೋ ಗಾಳಿ ಕುಡೀತು. ನಂಗೂ ತರಬೇತಿ ಇತ್ತು ಮೇಡಂ, ಗೊತ್ತಿಲ್ಲದೋನಲ್ಲ. ಆದ್ರೆ ಆ ಹಳೇ ಗಾಡಿ ಪಂಪು ವೆಂಕಟಪ್ಪನ ಕೈಗೆ ಮಾತ್ರ ಬಗ್ತಿತ್ತು. ಅವನು ಒಳಗಿದ್ದ. ನಾನು ಬಿಚ್ಚಿದೆ, ಕಟ್ಟಿದೆ, ದೇವರಿಗೆ ಕೈ ಮುಗಿದೆ. ನೀರು ಬರ್ಲಿಲ್ಲ.”

“ಆಮೇಲೆ?”

“ಹಿಂದಿನ ಬಾಗಿಲಿಂದ ವೆಂಕಟಪ್ಪ ಉಮೇಶನ್ನ ಎಳ್ಕೊಂಡು ಬಂದ. ಅವನ ಮುಖವಾಡ ಹುಡುಗನ ಮುಖದ ಮೇಲಿತ್ತು. ತಾನು ಬರೀ ಮೂಗಲ್ಲಿ ಆ ವಿಷ ಕುಡ್ಕೊಂಡು ಬಂದಿದ್ದ. ನಾನು ಓಡಿ ಹೋಗಿ ಹುಡುಗನ್ನ ತಬ್ಬಿಕೊಂಡೆ. ‘ನೀನು ಹಿಡ್ಕೋ, ಬದಲಿ ಅಂತ ಯಾರಿಗೂ ಗೊತ್ತಾಗಬಾರ್ದು’ ಅಂತ ಕೆಮ್ಮುತ್ತಾ ಕೆಮ್ಮುತ್ತಾ ಅವನು ಪಂಪಿನ ಹತ್ರ ಹೋಗಿ ಬಿದ್ದ. ಸಾಹೇಬ್ರು ಬಂದಾಗ ಉಮೇಶ ನನ್ನ ತೋಳಲ್ಲಿದ್ದ. ನಂಗೆ ಪದಕ ಬಂತು. ಪಂಪು ನಿಂತಿದ್ದಕ್ಕೆ ಅವನಿಗೆ ಶಿಕ್ಷೆ ಬಂತು. ತಲೆ ತಗ್ಗಿಸಿಕೊಂಡು ತಗೊಂಡ.”

“ಮನೇಲಿ ಒಂದು ಮಾತು ಹೇಳ್ಲಿಲ್ಲ?”

“ಏನಂತ ಹೇಳ್ಲಿ? ನಿನ್ನ ತಮ್ಮ ನೀರು ನೀರು ಅಂತ ಸಾಯ್ತಾ ಇದ್ದಾಗ ಪಂಪಿನ ಮುಂದೆ ನಾನು ನಿಂತಿದ್ದೆ ಅಂತಾನಾ? ಇವಳು ನನ್ನ ಮುಖ ನೋಡ್ತಿದ್ಲಾ?”

ಶೋಭಾರಾಣಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಆದರೆ ಸುಗಟೂರಿನ ಆ ಮಂಚ ಕಣ್ಣ ಮುಂದಿತ್ತು, ಬಿಡುವ ಹಾಗಿರಲಿಲ್ಲ.

“ನೋಡಿ, ಸತ್ತೋನನ್ನ ವಾಪಸ್ ತರೋಕಾಗಲ್ಲ. ಇದ್ದೋನೊಬ್ಬ ಇದ್ದಾನೆ. ಅವನು ಹೊರಗಿದ್ದ ಅಂತ ನೀವು ಅನ್ನೋತನಕ ಅವನ ಕಾಯಿಲೆಗೆ ಅಪ್ಪ ಅಮ್ಮ ಇಲ್ಲ. ಗುರುವಾರ ಬಂದು ಒಂದೇ ಮಾತು ಹೇಳಿ. ಒಳಗೆ ಹೋದೋನು ಅವನು ಅಂತ. ಸಾಕು.”

“ಅದನ್ನ ಹೇಳಿದ್ರೆ ಹೊರಗಿದ್ದೋನು ನಾನು ಅಂತಾನೂ ಹೇಳ್ದಂಗೆ ಅಲ್ವಾ?” ಕೋದಂಡರಾಮಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. “ಬರ್ತೀನಿ ಮೇಡಂ. ಬರ್ತೀನಿ. ಆದ್ರೆ ಭಾರತೀಗೆ ಮಾತ್ರ ಗೊತ್ತಾಗ್ದಂಗೆ ಏನಾದ್ರೂ ದಾರಿ...”

“ಗೊತ್ತಾಯ್ತು ಬಿಡಿ.”

ಮನೆಯ ಪಕ್ಕದ ಗೋಡೆಯ ಮರೆಯಿಂದ ಭಾರತಮ್ಮ ಹೊರಗೆ ಬಂದರು. ಹಾಲಿನ ಕ್ಯಾನು ಕೈಯಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೆ.

“ನಾನು ಡೈರಿಗೆ ಹೋಗ್ಲೇ ಇಲ್ಲ, ಹಿತ್ತಲ ಕಡೆಯಿಂದ ವಾಪಸ್ ಬಂದೆ,” ಎಂದರು ಆಕೆ ಗಂಡನಿಗೆ. “ಈಯಮ್ಮ ನೆಲದ ಮಾತು ಕೇಳ್ದಾಗ ಒಳಗಿಂದ ನಿಮ್ಮ ಮುಖ ನೋಡ್ದೆ. ಇಷ್ಟು ವರ್ಷದ ಸಂಸಾರದಲ್ಲಿ ಆ ಮುಖ ನೋಡಿರ್ಲಿಲ್ಲ.”

“ಭಾರತೀ...” ಕೋದಂಡರಾಮಪ್ಪ ಎದ್ದು ಆಕೆಯ ಕಡೆ ಕೈ ಚಾಚಿದರು.

“ಮುಟ್ಟಬೇಡಿ ನನ್ನ.”

ಆಕೆ ಕ್ಯಾನನ್ನು ಕೆಳಗಿಟ್ಟು ಜಗಲಿಯ ಕಂಬ ಹಿಡಿದುಕೊಂಡರು. ಕಿರುಚಾಡುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ಶೋಭಾರಾಣಿ ಕಾದಳು. ಹಾಗೇನೂ ಆಗಲಿಲ್ಲ. ಭಾರತಮ್ಮ ಗಂಡನನ್ನು ಬಿಟ್ಟು ಅವಳನ್ನೇ ನೋಡಿ ಮಾತಾಡಿದರು.

“ಇಷ್ಟೆಲ್ಲ ಕೇಳಿದ್ರಿ. ಆ ವೆಂಕಟಪ್ಪ ತಾನಾಗೇ ಯಾಕೆ ಬಂದು ಮುಖವಾಡ ಕಿತ್ಕೊಂಡ ಅಂತ ಕೇಳ್ಲಿಲ್ಲ ನೀವು.”

“ಪದ್ಧತಿ ಅಂದ್ರಲ್ಲ ಅಮ್ಮ.”

“ಪದ್ಧತಿ ಇತ್ತು. ಆದ್ರೆ ಇವ್ರು ಹಟಮಾರಿ, ಕೇಳಲ್ಲ ಅಂತ ನಂಗೆ ಗೊತ್ತಿತ್ತು. ಬಾಣಂತಿ ನಾನು, ಎದ್ದು ಓಡಾಡೋ ಹಂಗಿಲ್ಲ. ಕೆಟ್ಟ ಕನಸು ಬೇರೆ. ವೆಂಕಟಪ್ಪಣ್ಣನಿಗೆ ಹೇಳಿ ಕಳಿಸ್ದೆ. ಅಣ್ಣಾ, ನಿನ್ನ ತಂಗಿ ಅಂದ್ಕೋ, ಪುರುಡು ಕಳೆಯೋತನಕ ಇವ್ರನ್ನ ಬೆಂಕಿ ಒಳಗೆ ಬಿಡಬೇಡ, ಏನೇ ಆದ್ರೂ ಬಿಡಬೇಡ, ನನ್ನ ಮಗೂ ಮೇಲೆ ಆಣೆ ಅಂತ. ಬೆಂಕಿ ಆದ್ಮೇಲೆ ಇವ್ರೇ ಒಳಗೆ ಹೋಗಿದ್ರು ಅಂತ ಎಲ್ರೂ ಹೇಳಿದ್ರು. ನನ್ನ ಮಾತಿಗೆ ಅವನು ಬೆಲೆ ಕೊಡ್ಲಿಲ್ಲ ಅಂತ ಅದಕ್ಕೂ ಸೇರಿಸಿ ಶಾಪ ಹಾಕ್ದೆ.”

ಆಕೆ ನಡುಮನೆಯ ಫೋಟೋ ಕಡೆ ತಿರುಗಿದರು.

“ಆ ಮಾತು ಯಾರ ಕೈಲಿ ಹೇಳಿ ಕಳಿಸ್ದೆ ಗೊತ್ತಾ? ಉಮೇಶನ ಕೈಲೇ. ಮಗು ನೋಡೋಕೆ ಬಂದಿದ್ದ. ‘ಅಕ್ಕಾ, ಭಾವನಿಗೆ ಏನೂ ಆಗಲ್ಲ ಬಿಡು, ನಾನೇ ಹೇಳ್ತೀನಿ’ ಅಂತ ನಗ್ತಾ ಹೋದ.”

ಕೋದಂಡರಾಮಪ್ಪ ಹೆಂಡತಿಯನ್ನೇ ದಿಟ್ಟಿಸುತ್ತ ನಿಂತಿದ್ದರು. ಈ ಮಾತು ಅವರಿಗೂ ಹೊಸದು. ಹಸು ಒಂದು ಸಲ ತಲೆ ಕೊಡವಿತು.

ಆಗ ಶೋಭಾರಾಣಿಯ ಫೋನು ಹೊಡೆದುಕೊಂಡಿತು. ಆಂಜಿನಮ್ಮನ ನಂಬರು. ಅವಳ ಹಾಳು ಫೋನಿನಲ್ಲಿ ಸ್ಪೀಕರ್ ಹಾಕಿದರೆ ಮಾತ್ರ ಮಾತು ಕೇಳುವುದು. ಯೋಚನೆಯಿಲ್ಲದೆ ಹಾಕಿದಳು. ಬಂದಿದ್ದು ಆಂಜಿನಮ್ಮನ ದನಿಯಲ್ಲ.

“ಮೇಡಂ... ಟೇಕಲ್ಲಿಗೆ ಹೋಗಿಲ್ಲ ತಾನೇ?” ದೊಡ್ಡವೆಂಕಟಪ್ಪನವರ ಒಂದೊಂದು ಮಾತಿನ ನಡುವೆಯೂ ಉಸಿರು ಎಳೆಯುವ ಸದ್ದು. “ಬೆಳಿಗ್ಗೆ ಬಾಯಿ ಜಾರಿಬಿಟ್ಟೆ. ನೆಲ ಅಂಟುತ್ತಿತ್ತಾ ಅಂದ್ರಲ್ಲ, ಆಗ್ಲೇ ಗೊತ್ತಾಯ್ತು, ನೀವು ಅಲ್ಲಿಗೇ ಹೋಗ್ತೀರ ಅಂತ. ಹೋಗ್ಬೇಡಿ. ಕೋದಂಡನ್ನ ಏನ್ ಬೇಕಾದ್ರೂ ಕೇಳಿ, ಆ ಭಾರತಮ್ಮನ ಮುಂದೆ ಮಾತ್ರ ಬೇಡ. ಆ ತಾಯಿ ಹೇಳಿ ಕಳಿಸಿದ್ದಕ್ಕೇ ನಾನು ಹಟ ಮಾಡಿ ಒಳಗೆ ಹೋಗಿದ್ದು. ಅದು ಗೊತ್ತಾದ್ರೆ ಆಕೆ ಬದುಕಲ್ಲ. ನಂಗೆ ಬೈಕೊಂಡಿರ್ಲಿ ಬಿಡಿ. ಬೈಕೊಂಡು ಇಷ್ಟು ವರ್ಷ ಬದುಕಿದ್ದಾಳೆ.”

ಶೋಭಾರಾಣಿ ಸ್ಪೀಕರ್ ಆರಿಸಲು ಹೋದಳು. ಭಾರತಮ್ಮ ಅವಳ ಮಣಿಕಟ್ಟು ಹಿಡಿದರು. ಫೋನನ್ನು ತಾವೇ ತೆಗೆದುಕೊಂಡರು.

“ಅಣ್ಣಾ,” ಎಂದರು. ಕಣ್ಣೀರು ಧಾರಾಕಾರ ಸುರಿಯಿತು. “ಅಣ್ಣಾ, ನಾನು ಭಾರತಿ. ಎಲ್ಲ ಕೇಳಿಸ್ಕೊಂಡೆ. ನಿನಗೆ ಹಾಕಿದ ಶಾಪ ಎಲ್ಲ ನನ್ನ ತಲೆ ಮೇಲೇ ಬೀಳ್ಲಿ. ಗುರುವಾರ ಇವ್ರು ಬಂದು ಹೇಳ್ತಾರೆ. ಬರ್ದಿದ್ರೆ ಕೈ ಹಿಡಿದು ಎಳ್ಕೊಂಡು ಬರ್ತೀನಿ. ನಾನೂ ಹೇಳ್ತೀನಿ, ಕಳಿಸಿದೋಳು ನಾನೇ ಅಂತ. ನೀನು ಸಾಯಬಾರ್ದು. ಕೇಳಿಸ್ತಾ ಅಣ್ಣಾ? ನೀನೂ ಸಾಯಬಾರ್ದು.”

ಆ ಕಡೆಯಿಂದ ಉಸಿರು ಎಳೆಯುವ ಸದ್ದು ಕೇಳಿಸಿತು. ಹಿಂದೆ ಎಲ್ಲೋ ಆಂಜಿನಮ್ಮ ಅಳುತ್ತಿದ್ದರು.

“ತಡ ಆಯ್ತಮ್ಮಾ,” ಎಂದರು ದೊಡ್ಡವೆಂಕಟಪ್ಪ. “ಮುರಳಿಮೋಹನ್ ಲಾಯರನ್ನ ನಾನೇ ಫೋನ್ ಮಾಡಿ ಕರೆಸ್ದೆ. ಈಗ ತಾನೇ ಎದ್ದು ಹೋದ್ರು. ನಾನು ಆ ಬೆಂಕಿ ಒಳಗೆ ಕಾಲೇ ಇಟ್ಟಿಲ್ಲ, ಹಂಗೆ ಯಾರಾದ್ರೂ ಹೇಳಿದ್ರೆ ಅದು ಸುಳ್ಳು ಅಂತ ಸಹಿ ಹಾಕಿ ಕೊಟ್ಟುಬಿಟ್ಟೆ.”